ಹೊನ್ನಾಳಿಯಲ್ಲಿ ಸಮುದ್ರ ಸಾಕಿದ್ದು

ನಮ್ಮ ಮನೆಗೆ ಸಮುದ್ರ ಬಂದದ್ದು ಅಕ್ಕಿ ಲಾರಿಯಲ್ಲಿ, ಮೂರು ಪ್ಲಾಸ್ಟಿಕ್ ಕ್ಯಾನುಗಳಲ್ಲಿ. ತಂದವನು ನ್ಯಾಮತಿಯ ಒಬ್ಬ ಡ್ರೈವರ್. ಹೊನ್ನಾಳಿಯ ಮಿಲ್ಲಿನಿಂದ ಅಕ್ಕಿ ಹೇರಿಕೊಂಡು ಘಟ್ಟ ಇಳಿದು ಕುಂದಾಪುರಕ್ಕೆ ಹೋಗುವುದು, ಬರುವಾಗ ಹೆಂಚೋ ಉಪ್ಪೋ ತುಂಬಿಕೊಂಡು ಬರುವುದು ಅವನ ಕೆಲಸ. ಕ್ಯಾನುಗಳನ್ನು ನಮ್ಮ ಕಟ್ಟೆಯ ಮೇಲೆ ಇಳಿಸಿ, ಟವೆಲ್ಲಿನಿಂದ ಕತ್ತು ಒರೆಸಿಕೊಂಡ.

"ಸ್ಟೇರಿಂಗ್ ಹಿಡಿದಾಗಿಂದ ಏನೇನೋ ಹೊತ್ತೀನಿ ಕಣ್ರೀ. ಬರೀ ನೀರು ಹೊತ್ತಿದ್ದು ಇದೇ ಮೊದಲು. ಅದೂ ಕುಡಿಯಾಕೆ ಬರದ ನೀರು. ನಿಮ್ಮೂರ ಹೊಳಿ ಬತ್ತೈತೇನ್ರೀ?"

ಹೊಳೆ ಬತ್ತಿರಲಿಲ್ಲ. ನಮ್ಮ ಬೀದಿ ಮುಗಿಯುವಲ್ಲಿ ತುಂಗಭದ್ರೆ ತನ್ನ ಪಾಡಿಗೆ ತಾನು ಹರಿಯುತ್ತಿದ್ದಳು. ಡ್ರೈವರ್ ಕೊನೆಗೆ ಒಂದು ಒದ್ದೆ ಗೋಣಿಚೀಲವನ್ನು ಮಗು ಎತ್ತಿಕೊಂಡ ಹಾಗೆ ಎತ್ತಿಕೊಂಡು ಬಂದು ಅತ್ತಿಗೆಯ ಮುಂದೆ ಇಟ್ಟ. ಬಿಚ್ಚಿದರೆ ಒಳಗೆ ಒಂದು ಕಲ್ಲು. ಕಲ್ಲಿನ ಮೈತುಂಬಾ ಕಪ್ಪು ಚಿಪ್ಪುಗಳು, ಅಂಚಿನಲ್ಲಿ ಮಾತ್ರ ಹಸಿರು ಗೆರೆ. ಅತ್ತಿಗೆ ಕಲ್ಲಿಗೆ ಮೂಗು ತಾಗಿಸಿ ಒಂದು ಸಲ ಉಸಿರೆಳೆದುಕೊಂಡಳು. ಅವಳ ಹಿಂದೆ ನಿಂತಿದ್ದ ಅವ್ವ ಎರಡು ಹೆಜ್ಜೆ ಹಿಂದೆ ಸರಿದಳು.

ನಾನು ಆಗ ದಿನಾ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಓಡಾಡಿಕೊಂಡು ಬಿ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದೆ. ಎಂಬತ್ತರ ದಶಕ ಅರ್ಧ ಮುಗಿದಿತ್ತು. ಊರಿನಲ್ಲಿ ಟೀವಿ ಇದ್ದ ಮನೆಗಳನ್ನು ಎಣಿಸಬಹುದಿತ್ತು, ನಾನು ಎಣಿಸಿದ್ದೆ ಕೂಡ. ನನಗೆ ಅದೊಂದು ಚಟ. ಬಸ್ಸು ಎಷ್ಟು ತಡವಾಯಿತು, ಮಳೆ ಯಾವ ದಿನ ಹಿಡಿಯಿತು, ಅಪ್ಪ ತಮ್ಮ ಮಿಲಿಟರಿ ಆಯ್ಕೆಯ ಕಥೆಯನ್ನು ಈ ವರ್ಷ ಎಷ್ಟನೇ ಸಲ ಹೇಳಿದರು, ಎಲ್ಲಕ್ಕೂ ತಾರೀಖು ಹಾಕಿ ಬರೆದಿಡುತ್ತಿದ್ದೆ. ಅಪ್ಪ ನನ್ನನ್ನು ಶಾನುಭೋಗಿತ್ತಿ ಎಂದು ಕರೆಯುತ್ತಿದ್ದರು. ಆದ್ದರಿಂದ ಸಮುದ್ರದ ಉಸ್ತುವಾರಿ ನನ್ನ ಪಾಲಿಗೆ ಬಂದದ್ದರಲ್ಲಿ ಆಶ್ಚರ್ಯವಿಲ್ಲ.

ಅತ್ತಿಗೆಯ ಬಗ್ಗೆ ಹೇಳಬೇಕು. ಅಣ್ಣ ಕುಂದಾಪುರದ ಬ್ಯಾಂಕಿನಲ್ಲಿದ್ದಾಗ ಅಲ್ಲಿಯ ಹುಡುಗಿಯನ್ನು ಮೆಚ್ಚಿ ಮದುವೆಯಾದ. ಅವಳದು ಮೀನು ತಿನ್ನುವ ಮನೆ, ನಮ್ಮದು ಈರುಳ್ಳಿ ಹೆಚ್ಚಾಯಿತೇನೋ ಎಂದು ಯೋಚಿಸುವ ಮನೆ. ನಮ್ಮವರು ಆರು ತಿಂಗಳು ಮುನಿಸಿಕೊಂಡು ಆಮೇಲೆ ಸುಸ್ತಾಗಿ ಒಪ್ಪಿಕೊಂಡರು. ಅವಳ ತಂದೆ ಸುಸ್ತಾಗಲಿಲ್ಲ. ಈ ಮನೆಯ ಅಂಗಳ ತುಳಿಯಬೇಡ ಅಂದವರು ಅದೇ ಮಾತಿನ ಮೇಲೆ ನಿಂತಿದ್ದರು. ಅಷ್ಟರಲ್ಲಿ ಅಣ್ಣನಿಗೆ ಜಗಳೂರಿಗೆ ವರ್ಗವಾಯಿತು. ಅಲ್ಲಿ ಅವನಿಗೆ ಸಿಕ್ಕಿದ್ದು ಒಂದು ಕೋಣೆ, ಕುಡಿಯುವ ನೀರಿಗೆ ಬೀದಿ ನಲ್ಲಿಯಲ್ಲಿ ಸಾಲು. ಹೆಂಡತಿಯನ್ನು ನಮ್ಮ ಹತ್ತಿರ ಬಿಟ್ಟು ಶನಿವಾರ ಶನಿವಾರ ಬಂದು ಹೋಗುತ್ತಿದ್ದ.

ಕಲ್ಲು ಕಳಿಸಿದವನು ಅತ್ತಿಗೆಯ ತಮ್ಮ, ತಂದೆಗೆ ಗೊತ್ತಿಲ್ಲದ ಹಾಗೆ. ಅವರ ಮನೆಯ ಹಿಂದೆ ಸಮುದ್ರಕ್ಕೆ ಇಳಿಯುವಲ್ಲಿ ಒಂದು ಬಂಡೆ ಇತ್ತಂತೆ. ಅತ್ತಿಗೆ ಬುದ್ಧಿ ಬಂದಾಗಿನಿಂದ ಕೂತದ್ದು, ಓದಿದ್ದು, ಕೊನೆಗೆ ಅಣ್ಣನ ಕಾಗದ ಬಚ್ಚಿಟ್ಟುಕೊಂಡು ನೋಡಿದ್ದು ಅದರ ಮೇಲೆ. ಈ ಕಲ್ಲು ಅದರದ್ದೇ ಒಂದು ತುಂಡು.

ಅವ್ವ ವಿಚಾರಣೆ ಶುರು ಮಾಡಿದಳು. "ಇದು ಮೀನೇನವಾ?"

"ಅಲ್ಲ ಅತ್ತೆ. ಚಿಪ್ಪಿ."

"ನಿಮ್ಮ ಕಡೆ ತಿಂತಾರೇನು?"

"ಅಲ್ಲಿ ತಿಂತೇವೆ. ಇಲ್ಲಿ ನೋಡ್ಲಿಕ್ಕೆ ಮಾತ್ರ."

"ನೋಡಾಕೆ ಏನೈತೆ ಇದರಾಗೆ?"

ಅತ್ತಿಗೆ ಕಲ್ಲಿಗೆ ಅಂಟಿದ್ದ ಗೋಣಿಯ ನಾರನ್ನು ಬೆರಳಿನಿಂದ ಬಿಡಿಸತೊಡಗಿದಳು. ಅವ್ವ ತೀರ್ಪು ಕೊಟ್ಟಳು. "ಇರಲಿ. ಪಡಸಾಲಿಯಾಗೆ ಇಟ್ಕೋ, ಅಡಿಗಿ ಮನಿ ಹೊಸ್ತಿಲು ದಾಟಂಗಿಲ್ಲ. ಒಂದು ದಿನ ನಾತ ಬಂತೋ, ಕಲ್ಲು ನೀರು ಎಲ್ಲಾ ಹೊಳಿಗೆ. ಮತ್ತೆ ಇಂಥಾದ್ದು ಈ ಮನಿಗೆ ಬರಂಗಿಲ್ಲ." ಅವ್ವನ ಮೂಗು ನಮ್ಮ ಬೀದಿಗೆಲ್ಲ ಪ್ರಸಿದ್ಧ. ಮೂರನೇ ಮನೆಯಲ್ಲಿ ಹಾಲು ಉಕ್ಕಿದರೆ ಇವಳು ಇಲ್ಲಿಂದ ಕೂಗಿ ಹೇಳುತ್ತಿದ್ದಳು.

ಫೋಟೋಗೆ ಕಟ್ಟು ಹಾಕುವವನ ಕೈಯಲ್ಲಿ ಅಣ್ಣ ಒಂದು ಗಾಜಿನ ತೊಟ್ಟಿ ಮಾಡಿಸಿದ್ದ. ಅದರಲ್ಲಿ ನೀರು ಸುರಿದು ಕಲ್ಲು ಇಳಿಸಿದೆವು. ಮೊದಲ ವಾರವೆಲ್ಲ ನೋಡುವವರ ಸಾಲು. ಬಂದವರ ಪ್ರಶ್ನೆಗಳನ್ನು ನಾನು ಮೂರು ಗುಂಪು ಮಾಡಿ ಗೀಟು ಎಳೆಯುತ್ತಾ ಹೋದೆ. "ಎಷ್ಟು ಕೊಟ್ರಿ?" ಎಂಬುದಕ್ಕೆ ಕಡಿಮೆ ಗೀಟು. "ತಿನ್ನಾಕೆ ಬರ್ತಾವಾ?" ಎಂಬುದು ಎರಡನೆಯದು, ಅದೂ ದನಿ ತಗ್ಗಿಸಿ, ಅವ್ವ ಒಳಗೆ ಹೋದ ಮೇಲೆ. ಎಲ್ಲಕ್ಕಿಂತ ಮುಂದಿದ್ದದ್ದು, "ಇವು ಏನ್ ಮಾಡ್ತಾವೆ?"

ಏನೂ ಮಾಡುತ್ತಿರಲಿಲ್ಲ. ಬಾಯಿ ಒಂದು ಕೂದಲೆಳೆಯಷ್ಟು ತೆರೆದುಕೊಂಡು ಕಲ್ಲಿಗೆ ಅಂಟಿಕೊಂಡಿರುತ್ತಿದ್ದವು. ಬೀದಿಯ ಮಕ್ಕಳು ಅರ್ಧ ಗಂಟೆ ಕಾದು, "ಥೂ, ಇದಕ್ಕಿಂತ ನಮ್ಮ ತಾತನೇ ಜಾಸ್ತಿ ಅಲುಗಾಡ್ತಾನೆ" ಎಂದು ಎದ್ದು ಹೋದವು.

ನೀರಿಗೆ ಗಾಳಿ ಬೇಕು ಎಂದು ಅತ್ತಿಗೆ ಹೇಳಿದ್ದಳು. ಪಂಪು ತರೋಣವೆಂದರೆ ಕರೆಂಟು ಇದ್ದರೆ ತಾನೆ. ಅಪ್ಪ ಆ ಕೆಲಸ ವಹಿಸಿಕೊಂಡರು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡು, ಒಂದು ಕೈಯಲ್ಲಿ ಪೇಪರು, ಇನ್ನೊಂದು ಕೈಯಲ್ಲಿ ಚೊಂಬು. ತೊಟ್ಟಿಯ ನೀರನ್ನೇ ತುಂಬಿ ಮೇಲಿಂದ ಕಲ್ಲಿನ ಮೇಲೆ ಧಾರೆಯಾಗಿ ಬಿಡುವರು. ಅವ್ವ ನೋಡಿ ಅಂದಳು: "ಈ ಕಲ್ಲಿಗೆ ಎರೆಯೋದ್ರಾಗೆ ಅರ್ಧ ದೇವರ ಮುಂದೆ ಎರೆದಿದ್ರೆ ಇಷ್ಟೊತ್ತಿಗೆ ನಿಮಗೆ ಕೈಲಾಸನೇ ಸಿಗ್ತಿತ್ತು."

"ಅಲ್ಲಿ ಪೇಪರ್ ಬರಲ್ಲ ಬಿಡೇ," ಅಂದರು ಅಪ್ಪ.

ತೊಂದರೆ ಶುರುವಾದದ್ದು ಊಟದಿಂದ. ಚಿಪ್ಪಿಗಳು ಏನು ತಿನ್ನುತ್ತವೆ ಎಂದು ಯಾರಿಗೂ ಗೊತ್ತಿರಲಿಲ್ಲ. ಅತ್ತಿಗೆ ಹುಟ್ಟಿದಾಗಿನಿಂದ ಅವನ್ನು ತಿಂದವಳೇ ಹೊರತು ಅವಕ್ಕೆ ತಿನ್ನಿಸಿದವಳಲ್ಲ. ನೀರು ಕನ್ನಡಿಯ ಹಾಗೆ ತಿಳಿಯಾಗುತ್ತಾ ಬಂತು, ಎಲ್ಲರೂ ಎಷ್ಟು ಚೆನ್ನಾಗಿದೆ ಅಂದರು. ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಮೇಷ್ಟ್ರನ್ನು ಕೇಳಿದೆ. ಅವರು ನಕ್ಕು, "ನೀರು ತಿಳಿಯಾಗಿದೆ ಅಂದರೆ ಅವು ಉಪವಾಸ ಇವೆ ಅಂತ ಅರ್ಥ" ಅಂದರು. ಸಮುದ್ರದ ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ತೇಲುತ್ತಿರುತ್ತದೆ, ಚಿಪ್ಪಿಗಳು ಆ ನೀರನ್ನು ಒಳಗೆಳೆದು ಪಾಚಿಯನ್ನು ಸೋಸಿಕೊಂಡು ಉಳಿದದ್ದನ್ನು ಹೊರಗೆ ಬಿಡುತ್ತವೆ. ಸಮುದ್ರದ ನೀರನ್ನು ಬಟ್ಟೆಯಲ್ಲಿ ಸೋಸಿ, ಗಾಜಿನ ಬಾಟಲಿಯಲ್ಲಿ ತುಂಬಿ, ಒಂದು ಚಿಟಿಕೆ ಯೂರಿಯಾ, ಒಂದು ಚಿಟಿಕೆ ಸೂಪರ್ ಫಾಸ್ಫೇಟ್ ಹಾಕಿ ಬೆಳಕಿನಲ್ಲಿಟ್ಟರೆ ಪಾಚಿ ತಾನೇ ಬೆಳೆಯುತ್ತದೆ, ಹಸಿರಾದ ನೀರನ್ನು ಅವಕ್ಕೆ ಹಾಕು ಅಂದರು.

"ಚಿಟಿಕೆ ಅಂದರೆ ಎಷ್ಟು ಗ್ರಾಂ ಸರ್?"

"ಚಿಟಿಕೆ ಅಂದರೆ ಚಿಟಿಕೆ ಕಣಮ್ಮ."

ಅವತ್ತಿನ ಪುಟದಲ್ಲಿ ಆ ಮೇಷ್ಟ್ರ ಬಗ್ಗೆ ಬರೆದದ್ದನ್ನು ಇಲ್ಲಿ ಬರೆಯುವುದಿಲ್ಲ.

ಹಾಗೆ ನಮ್ಮ ಪಾಚಿ ಬೇಸಾಯ ಶುರುವಾಯಿತು. ಎರಡು ಅಗಲ ಬಾಯಿಯ ಉಪ್ಪಿನಕಾಯಿ ಬಾಟಲಿ, ಒಂದು ಸಣ್ಣ ಕತ್ತಿನ ಬಾಟಲಿ. ಮೂರನೆಯದು ನಮ್ಮ ಎಮ್ಮೆ ಕರು ಹಾಕಿ ನೆಲ ಹಿಡಿದಾಗ ದನದ ಡಾಕ್ಟರು ಕ್ಯಾಲ್ಸಿಯಂ ಏರಿಸಿ ಬಿಟ್ಟುಹೋದದ್ದು, ದಪ್ಪ ಗಾಜು, ಕತ್ತಿನಲ್ಲಿ ಕಿರುಬೆರಳೂ ಹೋಗುವುದಿಲ್ಲ. ಪೂರ್ವದ ಕಿಟಕಿಯಲ್ಲಿ ಸಾಲಾಗಿ ಇಟ್ಟೆ. ಗೊಬ್ಬರ ಹಾಕುವ ಕೆಲಸ ಅಪ್ಪನಿಗೆ ಕೊಟ್ಟಿದ್ದೇ ತಪ್ಪಾಯಿತು. ಗದ್ದೆ ಮಾಡಿದ ಕೈ ಅದು. ಅದಕ್ಕೆ ಚಿಟಿಕೆ ಎಂದರೆ ಮೂರು ಬೆರಳು ತುಂಬಾ. ನಾಲ್ಕನೇ ದಿನ ನೀರು ಹಸಿರಾಗುವ ಬದಲು ಕಂದಾಗಿ, ಬಾಟಲಿಯ ಬಾಯಲ್ಲಿ ನೊರೆ ಬಂತು. ಅವ್ವ ಹಿತ್ತಲಿನಿಂದ ಮೂಗು ಎತ್ತಿಕೊಂಡು ಒಳಗೆ ಬರುವಷ್ಟರಲ್ಲಿ ನಾನೂ ಅತ್ತಿಗೆಯೂ ಬಾಟಲಿಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮುಂಬಾಗಿಲಿನಿಂದ ತಿಪ್ಪೆಗೆ ಓಡಿದ್ದೆವು.

"ಏನದು ನಾತ?" ಅಂದಳು ಅವ್ವ.

"ಬೀದೀಲಿ ಯಾರೋ ಹೋದರು," ಅಂದರು ಅಪ್ಪ, ಪೇಪರಿನಿಂದ ಕಣ್ಣು ತೆಗೆಯದೆ.

ಎರಡನೇ ಸಲ ಚಿಟಿಕೆಯನ್ನು ನಾನೇ ಹಾಕಿದೆ, ಬೆಂಕಿಕಡ್ಡಿಯ ತಲೆಯ ಮೇಲೆ ಎಷ್ಟು ಕೂರುತ್ತದೋ ಅಷ್ಟು. ದಿನಕ್ಕೆರಡು ಸಲ ಬಾಟಲಿ ಅಲ್ಲಾಡಿಸಿದೆ. ಬಣ್ಣಕ್ಕೆ ಒಂದು ಅಳತೆ ಮಾಡಿಕೊಂಡೆ: ಮೊದಲು ಸೌತೆಕಾಯಿ ತಿರುಳು, ಆಮೇಲೆ ಬಾಳೆಯ ಸುಳಿ, ಆಮೇಲೆ ಹೆಸರುಕಾಳು. ಹೆಸರುಕಾಳಿನ ಬಣ್ಣ ಬಂದ ದಿನ ಅರ್ಧ ತೊಟ್ಟಿಗೆ, ಉಳಿದರ್ಧಕ್ಕೆ ಲಾರಿಯವನು ಬಂದಾಗಲೆಲ್ಲ ತರುತ್ತಿದ್ದ ಕ್ಯಾನಿನ ಹೊಸ ಉಪ್ಪುನೀರು, ಹೊಸ ಚಿಟಿಕೆ. ಅವ್ವ ಬಾಗಿಲಲ್ಲಿ ನಿಂತು ನೋಡಿ, "ಅಷ್ಟೇ ಏನು? ಹೆಪ್ಪು ಉಳಿಸ್ಕೊಳ್ಳೋದು," ಅಂದಳು. ಮೇಷ್ಟ್ರು ಒಂದು ಗಂಟೆ ಹೇಳಿದ್ದನ್ನು ದಿನಾ ಮೊಸರಿಗೆ ಹೆಪ್ಪು ಹಾಕುವ ಅವ್ವ ಒಂದು ಮಾತಿನಲ್ಲಿ ಮುಗಿಸಿದಳು. ಅಂದಿನಿಂದ ನಮ್ಮ ಮನೆಯಲ್ಲಿ ಅದರ ಹೆಸರು ಹೆಪ್ಪು.

ಹಸಿರು ನೀರನ್ನು ಮೊದಲ ಸಲ ತೊಟ್ಟಿಗೆ ಹಾಕಿದ್ದು ಒಂದು ಭಾನುವಾರ ಬೆಳಿಗ್ಗೆ. ತೊಟ್ಟಿಯೆಲ್ಲ ಹಸಿರಾಗಿ ಕಲ್ಲು ಮಸುಕಾಯಿತು. ಸ್ವಲ್ಪ ಹೊತ್ತಿಗೆ ಚಿಪ್ಪಿಗಳು ಒಂದೊಂದಾಗಿ ಬಾಯಿ ತೆರೆದವು. ಕೂದಲೆಳೆಯಷ್ಟಲ್ಲ, ಒಳಗಿನ ಮೆತ್ತಗಿನ ಅಂಚು ಕಾಣುವಷ್ಟು. ನಾವು ಊಟ ಮಾಡಿ ಬರುವಷ್ಟರಲ್ಲಿ ನೀರು ತಿಳಿಯಾಗುತ್ತಾ ಬಂದಿತ್ತು, ದೀಪ ಹಚ್ಚುವಾಗ ಆಚೆ ಗೋಡೆಯ ಕ್ಯಾಲೆಂಡರು ತೊಟ್ಟಿಯ ಮೂಲಕ ಓದಲು ಬರುತ್ತಿತ್ತು. ಅತ್ತಿಗೆ ಇಡೀ ದಿನ ಅಲ್ಲಿಂದ ಏಳಲಿಲ್ಲ. "ಕಾಣ್ತಾ? ಉಣ್ತಾ ಇದಾವೆ ಮಾರಾಯ್ತಿ, ಉಣ್ತಾ ಇದಾವೆ," ಎಂದು ನನ್ನ ಕೈ ಜಗ್ಗಿದಳು. ಮದುವೆಯಾಗಿ ಬಂದ ಮೇಲೆ ಅವಳು ಇಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲು. "ಏನ್ ಮಾಡ್ತಾವೆ" ಎಂದು ಕೇಳುತ್ತಿದ್ದವರಿಗೆ ಈಗ ಉತ್ತರ ಸಿಕ್ಕಿತ್ತು. ಭಾನುವಾರ ಹಸಿರು ಹಾಕುವ ಹೊತ್ತಿಗೆ ಬೀದಿಯವರು ಬಂದು ಕೂರುವುದು ರೂಢಿಯಾಯಿತು. ಟೀವಿ ಇದ್ದ ಮನೆಯವರೂ ಬರುತ್ತಿದ್ದರು ಎಂದು ನಾನು ವಿಶೇಷವಾಗಿ ಬರೆದಿಟ್ಟಿದ್ದೇನೆ.

ಅವ್ವನನ್ನು ಗೆದ್ದದ್ದು ಮಾತ್ರ ಬೇರೆ ವಿಷಯ. ಒಂದು ದಿನ ಅತ್ತಿಗೆ ಮೆಲ್ಲಗೆ ಅಂದಳು, "ಅತ್ತೆ, ಇವು ಪಾಚಿ ಬಿಟ್ಟರೆ ಬೇರೆ ಎಂತದೂ ಮುಟ್ಟುದಿಲ್ಲ. ನಿಮ್ಮ ಹಾಗೇ ಸಸ್ಯಾಹಾರಿ."

"ಹಂಗಾದ್ರೆ ಅಯ್ನೋರನ್ನ ಕರೆಸಿ ದೀಕ್ಷೆ ಕೊಡಿಸಾನೇನು?" ಎಂದು ಅವ್ವ ಗದರಿಸಿದಳು. ಆದರೆ ಮಾತು ಒಳಗೆ ಇಳಿದಿತ್ತು. ಅದೇ ವಾರ ಹಿಟ್ಟಿನ ಗಿರಣಿಯಲ್ಲಿ ಯಾರೋ, ಬ್ಯಾಂಕಿನವನ ಹೆಂಡತಿ ಪಡಸಾಲೆಯಲ್ಲಿ ಮೀನು ಸಾಕಿ ದಿನಾ ಒಂದೊಂದು ಹುರಿದುಕೊಂಡು ತಿನ್ನುತ್ತಾಳಂತೆ ಎಂದು ಆಡಿಕೊಂಡರು. ಅವ್ವ ಜೋಳದ ಬುಟ್ಟಿ ಕೆಳಗಿಟ್ಟಳು. "ನಮ್ಮನಿ ಚಿಪ್ಪಿ ನಿಮಗಿಂತ ಶುದ್ಧ ಅದಾವೆ ತಿಳೀತಾ? ಬೆಳ್ಳುಳ್ಳಿನೂ ಮುಟ್ಟಲ್ಲ." ಗಿರಣಿಯವನು ನಗುವುದಕ್ಕೆ ಬೆಲ್ಟು ನಿಲ್ಲಿಸಬೇಕಾಯಿತಂತೆ.

ಆಮೇಲೆ ಅವ್ವ ತನ್ನ ಲ್ಯಾಕ್ಟೋಮೀಟರನ್ನೇ ನಮಗೆ ಕೊಟ್ಟಳು. ಅದು ಹಾಲಿಗೆ ಅದ್ದಿ ನೋಡುವ ಗಾಜಿನ ಕೊಳವೆ. ಹಾಲು ಗಟ್ಟಿ ಇದ್ದಷ್ಟೂ ಮೇಲೆ ತೇಲುತ್ತದೆ, ನೀರು ಬೆರೆತಷ್ಟೂ ಮುಳುಗುತ್ತದೆ. ಹಾಲಿನ ಡೇರಿಯವರು ಅಳತೆಯಲ್ಲಿ ಮೋಸ ಮಾಡುತ್ತಾರೆಂಬ ಗುಮಾನಿಯಿಂದ ಅವ್ವ ಸ್ವಂತಕ್ಕೆ ಒಂದನ್ನು ಕೊಂಡಿದ್ದಳು. ಬಿಸಿಲಿಗೆ ತೊಟ್ಟಿಯ ನೀರು ಆರಿ ಉಪ್ಪು ಹೆಚ್ಚಾಗುತ್ತದೆಯೇ ಎಂಬ ನನ್ನ ಚಿಂತೆಗೆ ಅದೇ ಪರಿಹಾರವಾಯಿತು. ಕ್ಯಾನಿನಲ್ಲಿ ಉಳಿದಿದ್ದ ಅಸಲು ಸಮುದ್ರಕ್ಕೆ ಅದ್ದಿದಾಗ ಇಪ್ಪತ್ತೈದರ ಗೀಟಿಗೆ ನಿಂತಿತು. ಅವ್ವ ಬಗ್ಗಿ ನೋಡಿದಳು.

"ಡೇರಿಗೆ ಹಾಕಿದ್ರೆ ವಾಪಸ್ ಕಳಿಸ್ತಾರೆ. ನೀರು ಬೆರೆಸೈತೆ ನಿಮ್ಮ ಸಮುದ್ರ."

ಅಲ್ಲಿಂದ ಇಪ್ಪತ್ತೈದೇ ನಮ್ಮ ಗುರುತು. ಹೆಚ್ಚಾದರೆ ಹೊಳೆಯ ನೀರು ಸೇರಿಸುವುದು. ಊರಿನಲ್ಲಿ ಹಾಲಿಗೆ ನೀರು ಹಾಕುವವರು ಕದ್ದು ಹಾಕುತ್ತಿದ್ದರು, ನಾವು ಸಮುದ್ರಕ್ಕೆ ರಾಜಾರೋಷವಾಗಿ ಹಾಕುತ್ತಿದ್ದೆವು.

ಮಳೆಗಾಲ ಕಳೆಯಿತು. ಮಿಲ್ಲಿನಲ್ಲಿ ಹಳೆಯ ಭತ್ತ ಮುಗಿದು ಲಾರಿ ಶೆಡ್ಡಿನಲ್ಲಿ ನಿಂತಿತ್ತು. ಹೊಸ ಭತ್ತ ಬರುವವರೆಗೆ ಸಮುದ್ರವೂ ಬರುವುದಿಲ್ಲ. ಇದ್ದದ್ದು ತೊಟ್ಟಿಯಲ್ಲಿದ್ದಷ್ಟು ನೀರು, ಕಿಟಕಿಯಲ್ಲಿ ಮೂರು ಬಾಟಲಿ ಹೆಪ್ಪು. ಹೀಗಿರುವಾಗ ದೀಪಾವಳಿ ಬಂತು.

ದೀಪಾವಳಿಯ ಮೊದಲ ದಿನ ನಮ್ಮಲ್ಲಿ ನೀರು ತುಂಬುವ ಹಬ್ಬ. ಅವತ್ತು ಸಂಜೆಯೊಳಗೆ ಮನೆಯಲ್ಲಿರುವ ಹಂಡೆ, ಕೊಡ, ಕೊಳಗ, ಬಿಂದಿಗೆ, ಲೋಟ ಎಲ್ಲ ಬರಿದು ಮಾಡಿ, ಬೂದಿ ಹುಣಸೆಹಣ್ಣು ಹಾಕಿ ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬರೆದು, ಕತ್ತಿಗೆ ಬಳ್ಳಿ ಕಟ್ಟಿ ಹೊಸ ನೀರು ತುಂಬಬೇಕು. ಹಳೇ ನೀರು ಒಂದು ಹನಿ ಮನೆಯಲ್ಲಿ ಉಳಿಯಬಾರದು. ಬೇರೆ ಹಬ್ಬಗಳಲ್ಲಿ ಅವ್ವ ಅಷ್ಟಕ್ಕಷ್ಟೆ. ಇದರಲ್ಲಿ ಮಾತ್ರ ಅವಳನ್ನು ಮೀರಿಸಿದವರಿಲ್ಲ. ತಾನು ತೊಳೆದ ಪಾತ್ರೆಯಲ್ಲಿ ಮುಖ ನೋಡಿಕೊಂಡು ಕುಂಕುಮ ಇಟ್ಟುಕೊಳ್ಳಬಹುದು ಎಂದು ಚನ್ನಗಿರಿಯ ತನ್ನ ತವರಿನವರ ಮುಂದೆಯೂ ಜಂಬ ಕೊಚ್ಚುತ್ತಿದ್ದಳು.

ಆ ದಿನ ನಾನೂ ಅತ್ತಿಗೆಯೂ ಹಬ್ಬದ ಸೀರೆಗೆಂದು ಶಿವಮೊಗ್ಗಕ್ಕೆ ಹೋಗಿದ್ದೆವು. ಬಸ್ಸು ಸವಳಂಗದಲ್ಲಿ ಟೈರು ಪಂಕ್ಚರಾಗಿ ನಿಂತು, ಮನೆ ಸೇರುವಾಗ ಹೊತ್ತು ಇಳಿದಿತ್ತು. ಪಡಸಾಲೆಗೆ ಕಾಲಿಟ್ಟವರು ಅಲ್ಲೇ ನಿಂತೆವು. ತೊಟ್ಟಿಗೆ ಸುಣ್ಣ ಕೆಮ್ಮಣ್ಣಿನ ಪಟ್ಟೆ, ನಾಲ್ಕು ಮೂಲೆಗೆ ಬಳ್ಳಿ, ಮುಂದೆ ಚೆಂಡುಹೂವು. ಗಾಜು ಫಳಫಳ ಹೊಳೆಯುತ್ತಿತ್ತು. ಕಲ್ಲನ್ನು ತೆಂಗಿನ ನಾರಿನಿಂದ ಉಜ್ಜಿದ್ದು ಕಾಣುತ್ತಿತ್ತು. ಕಿಟಕಿಯಲ್ಲಿ ಮೂರು ಬಾಟಲಿಗಳ ಕತ್ತಿಗೂ ಬಳ್ಳಿ, ಒಳಗೆ ಗಂಗೆಯಷ್ಟು ತಿಳಿಯಾದ ನೀರು.

"ವರ್ಷಕ್ಕೊಂದು ಹಬ್ಬ," ಅಂದಳು ಅವ್ವ, ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ, ಮುಖ ತುಂಬಾ ಖುಷಿ. "ಅವೂ ಮನಿಯಾಗಿರೋ ಜೀವಾನೇ ಅಲ್ಲೇನು? ಅವಕ್ಕೂ ಹೊಸ ನೀರು ಇರಲಿ ಅಂತ."

ನಾನು ಮೆಲ್ಲಗೆ ಕೇಳಿದೆ. "ಅವ್ವಾ, ಉಪ್ಪುನೀರು ಅಲ್ವಾ ಅವಕ್ಕೆ ಬೇಕಾದ್ದು?"

"ಅಷ್ಟೂ ಗೊತ್ತಿಲ್ಲೇನು ನನಗೆ? ಉಪ್ಪು ಹಾಕೀನಿ. ಬಾಯಿಗಿಟ್ಟು ನೋಡೀನಿ. ಸಾರಿಗೆ ಹಾಕೋ ಹದ."

"ಹಳೇ ನೀರು?"

"ಎಮ್ಮಿಗೆ. ಉಪ್ಪುನೀರು ಅಂದ್ರೆ ಜೀವ ಬಿಡ್ತೈತೆ ಅದು."

ಓಡಿಹೋಗಿ ನೋಡಿದೆ. ಎಮ್ಮೆ ಕಲಗಚ್ಚಿನ ಬಾನಿಯ ತಳ ನೆಕ್ಕಿ, ಮೂಗಿನ ಮೇಲೆ ಅಕ್ಕಿ ತೌಡು ಮೆತ್ತಿಕೊಂಡು ನನ್ನ ಕಡೆ ನೋಡಿತು. ಕುಂದಾಪುರದ ಸಮುದ್ರ ಅದರ ಹೊಟ್ಟೆಯಲ್ಲಿತ್ತು.

ಅತ್ತಿಗೆ ಅಳಲಿಲ್ಲ. ಸೀರೆಯ ಚೀಲ ಕೆಳಗಿಟ್ಟು ತೊಟ್ಟಿಯ ಮುಂದೆ ಕೂತು, ಕೈಯಿಳಿಸಿ ಒಂದೊಂದೇ ಚಿಪ್ಪಿಯನ್ನು ಮುಟ್ಟಿ ನೋಡಿದಳು. ಎಲ್ಲವೂ ಬಿಗಿಯಾಗಿ ಬಾಯಿ ಮುಚ್ಚಿದ್ದವು. "ಸತ್ತರೆ ಬಾಯಿ ಬಿಡ್ತವೆ," ಅಂದಳು ಯಾರಿಗೂ ಅಲ್ಲದ ಹಾಗೆ. "ಮುಚ್ಚಿದಾವೆ ಅಂದ್ರೆ ಜೀವ ಇದೆ. ತಡ್ಕೊಂಡು ಇದಾವೆ." ಜಗಳೂರಿನಿಂದ ಆಗಷ್ಟೇ ಬಂದಿದ್ದ ಅಣ್ಣ ಅವಳ ಹತ್ತಿರ ಕೂತು, "ಹಬ್ಬ ಮುಗಿದ ಮೇಲೆ ನನ್ನ ಜೊತೆ ಬಂದುಬಿಡು. ನೀರಿಗೆ ಏನಾದರೂ ಮಾಡೋಣ," ಅಂದ.

"ಇವು ಇರುವಷ್ಟು ದಿನ ಇಲ್ಲಿರ್ತೆ. ಆಮೇಲೆ ನಿಮ್ಮೊಟ್ಟಿಗೆ ಬರ್ತೆ," ಅಂದಳು ಅತ್ತಿಗೆ.

ಅದು ಅವ್ವನ ಕಿವಿಗೆ ಬಿತ್ತು. ಮುಖದ ಖುಷಿ ಇಳಿಯಿತು. ತಪ್ಪಾಯಿತು ಎಂಬ ಮಾತು ಅವ್ವನ ಬಾಯಲ್ಲಿ ಬರುವುದಿಲ್ಲ. ಅದು ಅವಳ ಮಾತಿನ ಚೀಲದಲ್ಲೇ ಇಲ್ಲ. ಅವಳು ಒಳಗೆ ಹೋಗಿ ಲ್ಯಾಕ್ಟೋಮೀಟರ್ ತಂದು ನನ್ನ ಕೈಗಿಟ್ಟಳು. "ಅದ್ದು."

ಅದ್ದಿದೆ. ಇಪ್ಪತ್ತೈದು ಎಲ್ಲಿ, ಇದು ಹತ್ತನ್ನೂ ಮುಟ್ಟಿರಲಿಲ್ಲ. ಅವ್ವ ಉಪ್ಪಿನ ಗಡಿಗೆಯನ್ನೇ ಎತ್ತಿಕೊಂಡು ಬಂದಳು. ಸಮುದ್ರದ ಕಡೆಯಿಂದ ಬಂದ ಹರಳುಪ್ಪು, ಅದೇ ಲಾರಿಯವನು ತಂದದ್ದು. ಒಮ್ಮೆಲೇ ಹಾಕಬೇಡ ಎಂದು ಅತ್ತಿಗೆ ಅಂದಳು. ಬಕೆಟ್ಟಿನಲ್ಲಿ ಕರಗಿಸಿ, ಸೋಸಿ, ಸ್ವಲ್ಪ ಸ್ವಲ್ಪವೇ ಸೇರಿಸುತ್ತಾ ಹೋದೆವು. ಗೀಟು ಏರುತ್ತಾ ಬಂತು, ಗಡಿಗೆ ಮುಗಿಯುತ್ತಾ ಬಂತು. ಹದಿನೆಂಟಕ್ಕೆ ಬಂದಾಗ ಉಪ್ಪು ಪೂರ್ತಿ ಮುಗಿಯಿತು. ಅಂಗಡಿಯವರು ಬಾಗಿಲು ಹಾಕಿಕೊಂಡು ಹಬ್ಬಕ್ಕೆ ಹೋಗಿದ್ದರು.

ಇಲ್ಲಿ ಒಂದು ಮಾತು. ದೀಪ ಹಚ್ಚಿದ ಮೇಲೆ ಉಪ್ಪು ಕೊಡುವುದೂ ಇಲ್ಲ, ಕೇಳುವುದೂ ಇಲ್ಲ, ಲಕ್ಷ್ಮಿ ಹೊರಟುಹೋಗುತ್ತಾಳೆ ಎಂದು ನಮ್ಮಲ್ಲಿ ಎಲ್ಲರೂ ನಂಬುತ್ತಾರೆ. ಎಲ್ಲರಿಗಿಂತ ಹೆಚ್ಚಾಗಿ ನಂಬುವವಳು ಅವ್ವ. ಪಕ್ಕದ ಮನೆಯಾಕೆ ಒಮ್ಮೆ ಮುಸ್ಸಂಜೆಯಲ್ಲಿ ಉಪ್ಪು ಕೇಳಿದಾಗ, "ಸಪ್ಪಗೆ ಉಂಡ್ರೆ ಯಾರೂ ಸಾಯಲ್ಲ" ಎಂದು ಬಾಗಿಲು ಹಾಕಿದ್ದವಳು. ಆ ಅವ್ವ ಈಗ ಬಟ್ಟಲು ಹಿಡಿದುಕೊಂಡು ಆಕೆಯ ಬಾಗಿಲಿಗೇ ಹೋದಳು. ಹಣತೆ ಹಚ್ಚುತ್ತಿದ್ದ ಆಕೆ ತಲೆಯೆತ್ತಿ ನೋಡಿದಳು.

"ಏನಕ್ಕಾ, ದೀಪ ಹಚ್ಚೋ ಹೊತ್ತಿನಾಗೆ ಉಪ್ಪಾ? ಅದೂ ನೀವಾ?"

"ನನಗಲ್ಲ."

"ಮತ್ಯಾರಿಗೆ?"

"ಸಮುದ್ರಕ್ಕೆ ಕಡಿಮಿ ಬಿದ್ದೈತೆ."

ಆಕೆ ನಕ್ಕು ನಕ್ಕು ಕೊಟ್ಟೇಬಿಟ್ಟಳು. ಬಟ್ಟಲು ತುಂಬಿಸುತ್ತಾ, "ಸಪ್ಪಗಿದ್ರೆ ಸಮುದ್ರ ಸಾಯಲ್ಲ ಅಕ್ಕಾ," ಅಂದದ್ದು ಕಟ್ಟೆಯ ಮೇಲೆ ನಿಂತಿದ್ದ ನನಗೆ ಕೇಳಿಸಿತು. ಅವ್ವ ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದಳು. ಗೀಟು ಇಪ್ಪತ್ತೈದಕ್ಕೆ ಬಂತು.

ಮರುದಿನ ಎಣ್ಣೆ ಸ್ನಾನದ ಗದ್ದಲದಲ್ಲಿ ಅಪ್ಪ ಚೊಂಬು ಹಿಡಿದು ತಮ್ಮ ಕೆಲಸಕ್ಕೆ ಕೂತರು. ಚಿಪ್ಪಿಗಳೂ ಬಾಯಿ ಮುಚ್ಚಿದ್ದವು, ಅತ್ತಿಗೆಯೂ ಮುಚ್ಚಿದ್ದಳು. "ಯಾರು ಮೊದಲು ಬಿಡ್ತಾರೋ ನೋಡಾನ," ಅಂದರು ಅಪ್ಪ. ಮಧ್ಯಾಹ್ನಕ್ಕೆ ಕೆಲವು ಚಿಪ್ಪಿ ಬಾಯಿ ತೆರೆದು, ಬೆರಳು ಹತ್ತಿರ ಹೋದರೆ ಪಟ್ಟನೆ ಮುಚ್ಚಿಕೊಂಡವು. ಅವು ಬದುಕಿದ್ದವು. ಕೆಲವು ತೆರೆದು ತೆರೆದಂತೆಯೇ ಉಳಿದವು. ಅವನ್ನು ತೆಗೆಯುವುದರಲ್ಲಿ ನಾವು ತಡಮಾಡಿದೆವು. ಹೋಳಿಗೆ ಬಡಿಸುವ ಹೊತ್ತಿಗೆ ಪಡಸಾಲೆಯಲ್ಲಿ ವಾಸನೆ ಎದ್ದಿತು. ಏನೆಂದು ಯಾರಿಗೂ ಅನುಮಾನ ಉಳಿಯದಂಥ ವಾಸನೆ. ಎಲ್ಲರೂ ಅವ್ವನ ಮುಖ ನೋಡಿದೆವು. ಅವಳೇ ಹಾಕಿದ್ದ ಕಟ್ಟಳೆ. ಅತ್ತಿಗೆ ಅನ್ನದಲ್ಲಿ ಕೈಯಿಟ್ಟುಕೊಂಡು ತಲೆ ತಗ್ಗಿಸಿದ್ದಳು.

"ಏನೋ ನಾತ ಬಂದಂಗೈತಲ್ಲ," ಅಂದರು ಅಪ್ಪ, ಬಾಯಿ ತಪ್ಪಿ.

"ನನಗೇನೂ ಬರವಲ್ದು," ಅಂದಳು ಅವ್ವ, ಅತ್ತಿಗೆಯ ಎಲೆಗೆ ತುಪ್ಪ ಹಾಕುತ್ತಾ. "ನೆಗಡಿ ಆಗೈತೆ ನನಗೆ. ನೀವು ಮೊದ್ಲು ಹಲ್ಲು ಉಜ್ಜಿ ಬರ್ರಿ."

ಉಳಿದವಕ್ಕೆ ಊಟ ಬೇಕಿತ್ತು. ಹೆಪ್ಪು ಮೂರೂ ಬಾಟಲಿಯಿಂದ ಹೋಗಿತ್ತು. ಅಗಲ ಬಾಯಿಯ ಎರಡನ್ನೂ ನಾನು ಬಿಸಿಲಿಗೆ ಹಿಡಿದು ನೋಡಿದೆ. ಅವ್ವನ ಕೈ ಆಡಿದ ಗಾಜಿನಲ್ಲಿ ಹಸಿರಿನ ಒಂದು ಚುಕ್ಕೆಯೂ ಇರಲಿಲ್ಲ. ಹಬ್ಬ ಮುಗಿಯಿತು. ಅಣ್ಣ ಒಬ್ಬನೇ ಜಗಳೂರಿಗೆ ಹೋದ. ತೊಟ್ಟಿಯ ನೀರು ಮತ್ತೆ ಕನ್ನಡಿಯಾಗಿತ್ತು. ಅತ್ತಿಗೆ ತನ್ನ ಟ್ರಂಕು ಅಟ್ಟದಿಂದ ಇಳಿಸಿ, ಧೂಳು ಒರೆಸಿ, ಗೋಡೆ ಬದಿಗೆ ಇಟ್ಟಳು. ಅವ್ವ ಆ ಟ್ರಂಕನ್ನು ಸುತ್ತಿ ನಡೆಯುವಾಗ ಪ್ರತಿ ಸಲವೂ ಕಾಲು ತಾಗಿಸಿಕೊಂಡು ಬೈಯುತ್ತಿದ್ದಳು.

ಎರಡು ದಿನದ ಮೇಲೆ ನಾನು ಕಾಲೇಜಿನಿಂದ ಬರುವಷ್ಟರಲ್ಲಿ ಅವ್ವ ಹಿತ್ತಲ ಬಾಗಿಲಲ್ಲಿ ಕಾಯುತ್ತಿದ್ದಳು. ಸೆರಗಿನ ಕೆಳಗೆ ಕ್ಯಾಲ್ಸಿಯಂ ಬಾಟಲಿ. ಕತ್ತಿನ ಬಳ್ಳಿ ಬಾಡಿತ್ತು.

"ಏ ಹುಡುಗಿ, ಬಾ ಇಲ್ಲಿ. ಇದು ಪಾಚಿನೋ, ಕೊಳಕೋ?"

ಬಾಟಲಿಯನ್ನು ಬೆಳಕಿಗೆ ಹಿಡಿದೆ. ತಳದ ಮೂಲೆಯಲ್ಲಿ, ಗಾಜು ಒಳಗೆ ತಿರುಗುವ ಕಡೆ, ಉಗುರಿನಷ್ಟು ಅಗಲ ಹಸಿರು ಅಂಟಿಕೊಂಡಿತ್ತು.

"ಪಾಚಿ ಅವ್ವಾ!"

"ಕೂಗಬ್ಯಾಡ. ಕೈ ಹೋಗಲಿಲ್ಲ ಇದರಾಗೆ. ಹರಳುಕಲ್ಲು ಹಾಕಿ ಕುಲುಕಿದ್ದೆ." ಅಕ್ಕಪಕ್ಕ ನೋಡಿದಳು. "ಹೆಪ್ಪು ಆಗ್ತೈತೇನು ಇದು?"

ಉಪ್ಪುನೀರನ್ನು ದಿನಾ ಒಂದಿಷ್ಟು ಸೇರಿಸುತ್ತಾ ಗೀಟಿಗೆ ತಂದೆವು. ಬೆಂಕಿಕಡ್ಡಿಯ ತಲೆಯಷ್ಟು ಗೊಬ್ಬರ. ಕಿಟಕಿಯಲ್ಲಿ ಇಡಲು ಅವ್ವ ಬಿಡಲಿಲ್ಲ. ಆಗದೇ ಹೋದರೆ ಆ ಹುಡುಗಿಗೆ ಎರಡು ಸಲ ನೋಯುತ್ತದೆ ಅಂದಳು. ಕೊಟ್ಟಿಗೆಯ ಸೂರಿಗೆ ತೂಗುಹಾಕಿ, ಬಿಸಿಲು ಸರಿದ ಹಾಗೆ ತಾನೇ ಅತ್ತಿಂದಿತ್ತ ಸರಿಸಿದಳು. ಹಾಲು ಕರೆಯಲು ಹೋದಾಗಲೆಲ್ಲ ಅದನ್ನು ಅಲ್ಲಾಡಿಸುತ್ತಿದ್ದಳು. ಸೌತೆಕಾಯಿ ಬಂತು. ಬಾಳೆಯ ಸುಳಿ ಬಂತು. ಹೆಸರುಕಾಳು ಬರಲಿ ಎಂದು ನಾನು ಹಟ ಹಿಡಿದೆ. ಅವ್ವ ಒಂದು ಮುಷ್ಟಿ ಹೆಸರುಕಾಳನ್ನೇ ತಂದು ಬಾಟಲಿಯ ಪಕ್ಕ ಹಿಡಿದು ದಿನಾ ತಾಳೆ ನೋಡುತ್ತಿದ್ದಳು.

ಆ ಬಣ್ಣ ಬಂದ ದಿನ ಬೆಳಿಗ್ಗೆ, ಅವ್ವ ಬಾಟಲಿಯನ್ನು ತಾನೇ ಪಡಸಾಲೆಗೆ ತಂದು ಟ್ರಂಕಿನ ಮೇಲೆ ಇಟ್ಟಳು. ಅತ್ತಿಗೆ ಕಸ ಗುಡಿಸುತ್ತಿದ್ದವಳು ಪೊರಕೆ ಹಿಡಿದುಕೊಂಡೇ ನಿಂತಳು. ಹಸಿರನ್ನು ನೋಡಿದಳು, ಅವ್ವನನ್ನು ನೋಡಿದಳು.

"ಇದು ಎಲ್ಲಿತ್ತು ಅತ್ತೆ?"

ಅವ್ವ ಗೋಡೆಯ ಕಡೆ ತಿರುಗಿ ಹೇಳಿದಳು. "ಆ ಬಾಟ್ಲಿ ನಾನು ಸರಿಯಾಗಿ ತೊಳೆದಿರಲಿಲ್ಲ."

ಅಪ್ಪ ಪೇಪರು ಕೆಳಗಿಳಿಸಿದರು. ಮದುವೆಯಾದಾಗಿನಿಂದ ಇಂಥ ಮಾತು ಅವರು ಕೇಳಿರಲಿಲ್ಲ. ಅತ್ತಿಗೆಯ ತುಟಿ ಓರೆಯಾಯಿತು.

"ಎಂತ ಅತ್ತೆ, ನೀರು ತುಂಬುವ ಹಬ್ಬಕ್ಕೆ ಕೊಳಕು ಪಾತ್ರೆಯಾ?"

"ಒಂದೇ ಒಂದು! ಊರಿಗೆಲ್ಲ ಹೇಳ್ಕೊಂಡು ತಿರುಗಬ್ಯಾಡ. ಹಾಕು ಅವಕ್ಕೆ, ಬಾಯಾರಿದಾವೆ."

ಅತ್ತಿಗೆ ಅರ್ಧ ಸುರಿದಳು, ಅರ್ಧ ಹೆಪ್ಪಿಗೆ ಉಳಿಸಿದಳು. ತೊಟ್ಟಿ ಮಬ್ಬಾಯಿತು. ನಾವು ನಾಲ್ವರೂ ತೊಟ್ಟಿಯ ಸುತ್ತ ಕೂತೆವು. ಸ್ವಲ್ಪ ಹೊತ್ತಿಗೆ ಒಂದು ಬಾಯಿ ತೆರೆಯಿತು, ಅದರ ಪಕ್ಕದ್ದು ತೆರೆಯಿತು. ಬದುಕಿದ್ದದ್ದು ಅರ್ಧಕ್ಕಿಂತ ಕಡಿಮೆ. ಅವು ಉಂಡವು. ಅತ್ತಿಗೆ ಟ್ರಂಕಿನ ಮೇಲೆ ಬಾಟಲಿಯ ನೀರು ಚೆಲ್ಲಿದ್ದನ್ನು ಒರೆಸಿ, ಟ್ರಂಕನ್ನು ಅಟ್ಟಕ್ಕೆ ಏರಿಸಲು ನನ್ನನ್ನು ಕರೆದಳು.

ಸಂಜೆ ಅವ್ವ ಪಕ್ಕದ ಮನೆಗೆ ಉಪ್ಪು ಹಿಂದಿರುಗಿಸಲು ಹೋದಳು. ಈ ಸಲ ದೀಪ ಹಚ್ಚುವುದಕ್ಕೆ ಮೊದಲೇ. ಆಕೆ ಬಟ್ಟಲು ಇಸಿದುಕೊಂಡು ಕೇಳಿದಳು, "ಹೆಂಗೈತೆ ಅಕ್ಕಾ ನಿಮ್ಮ ಸಮುದ್ರ?"

"ಉಂಡು ಮಲಗೈತೆ," ಅಂದಳು ಅವ್ವ.